ಆಪರೇಷನ್ ಅಂದರೆ ಹೆಂಗಸರದ್ದೇ ಯಾಕೆ?

ಎರಡನೇ ಹೆರಿಗೆ ಆಯಿತು ಅಂದರೆ ಮನೆಯಲ್ಲಿ ಮುಂದಿನ ಮಾತು ಆಪರೇಷನ್ನಿನದು. ಯಾರಿಗೆ ಅಂತ ಯಾರೂ ಕೇಳುವುದಿಲ್ಲ, ಬಾಣಂತಿಗೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಅದೇ ಪಟ್ಟಿಯಲ್ಲಿ ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ.

ಹೆಂಗಸರ ಆಪರೇಷನ್ನೇ ಎಲ್ಲಕ್ಕಿಂತ ಪಕ್ಕಾ, ಅದಕ್ಕೇ ಹೀಗೆ ಅನ್ನುವವರಿದ್ದಾರೆ. ಹಾಗಾದರೆ ಲೆಕ್ಕವನ್ನೇ ನೋಡೋಣ. ಸಾವಿರ ಹೆಂಗಸರಿಗೆ ಆಪರೇಷನ್ ಆದರೆ ಮೊದಲ ವರ್ಷದಲ್ಲಿ ಸುಮಾರು 5 ಮಂದಿ ಬಸುರಾಗುತ್ತಾರೆ. ಕಾಪರ್-ಟಿ, ಅಂದರೆ ವಂಕಿ ಹಾಕಿಸಿಕೊಂಡವರಲ್ಲಿ ಸುಮಾರು 8. ಗಂಡನಿಗೆ ಆಪರೇಷನ್ ಆದರೆ ಬರೀ ಒಂದೋ ಎರಡೋ. ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ನಿನಲ್ಲಿ 40ರ ಆಸುಪಾಸು, ದಿನಾ ನುಂಗುವ ಮಾತ್ರೆಯಲ್ಲಿ 70ರಷ್ಟು, ನಿರೋಧ್‌ನಲ್ಲಿ 130ರಷ್ಟು. ಮಾತ್ರೆ, ನಿರೋಧ್ ಕೆಟ್ಟವು ಅಂತಲ್ಲ. ಮಾತ್ರೆ ಮರೆತುಹೋಗುತ್ತದೆ, ನಿರೋಧ್ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಆದರೂ ಲೈಂಗಿಕ ರೋಗಗಳಿಂದ ಕಾಪಾಡುವುದು ನಿರೋಧ್ ಒಂದೇ.

ಅಂದರೆ ಎಲ್ಲಕ್ಕಿಂತ ಪಕ್ಕಾ ಇರುವುದು ಗಂಡಸರ ಆಪರೇಷನ್. ಸುಲಭವೂ ಅದೇ. ಹೆಂಗಸಿಗಾದರೆ ಹೊಟ್ಟೆಯೊಳಗೆ ಕೈಹಾಕಬೇಕು. ಗಂಡಸಿಗೆ ಈಗಿನ ಎನ್‌ಎಸ್‌ವಿ ವಿಧಾನದಲ್ಲಿ ಹೊಲಿಗೆಯೂ ಬೇಡ, ಒಂದು ಸಣ್ಣ ತೂತು ಸಾಕು. ಆ ಜಾಗ ಮಾತ್ರ ಮರಗಟ್ಟಿಸಿ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ, ಅವತ್ತೇ ಮನೆಗೆ ಬರಬಹುದು. ‘ಶಕ್ತಿ ಹೋಗುತ್ತೆ, ಹೊಲದ ಕೆಲಸ ಆಗಲ್ಲ’ ಅನ್ನುವುದು ಸುಳ್ಳು. ಮುಚ್ಚುವುದು ವೀರ್ಯಾಣು ಹೋಗುವ ನಾಳವನ್ನು ಮಾತ್ರ. ಗಂಡಸುತನಕ್ಕೆ ಬೇಕಾದ ಹಾರ್ಮೋನು ರಕ್ತದಲ್ಲಿ ಮೊದಲಿನಂತೆಯೇ ಸೇರುತ್ತಿರುತ್ತದೆ.

ಆದರೆ ಒಂದು ಷರತ್ತು ಇದೆ. ಆಪರೇಷನ್ ಆದ ಮೂರು ತಿಂಗಳು ನಿರೋಧ್ ಬಳಸಲೇಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಬಿಟ್ಟರೆ ಹೆಂಡತಿ ಬಸುರಾಗಬಹುದು. ಆಗ ತಪ್ಪು ಮಾಡಿದವನು ಸುಮ್ಮನಿರುತ್ತಾನೆ, ಅನುಮಾನದ ಮಾತು ಕೇಳಬೇಕಾದವಳು ಅವಳು.

ಗಂಡಸರ ಹೆದರಿಕೆಗೆ ಹಳೆಯ ಕಾರಣವೂ ಇದೆ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು, ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತವಾಗಿ. ಅಲ್ಲಿಂದಾಚೆ ಸರ್ಕಾರಗಳು ಗಂಡಸರ ತಂಟೆಗೆ ಹೋಗದೆ ಭಾರವನ್ನೆಲ್ಲ ಹೆಂಗಸರ ಮೇಲೆ ಹಾಕಿದವು. ಅದರ ಫಲ 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಕಂಡಿತು. ಒಂದೇ ಕ್ಯಾಂಪಿನಲ್ಲಿ ಒಬ್ಬರೇ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆಮೇಲೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು.

ಆಪರೇಷನ್ ಬೇಡ ಅಂತ ನಾವು ಹೇಳುತ್ತಿಲ್ಲ. ಮಕ್ಕಳು ಸಾಕು ಅಂತ ತಾನೇ ತೀರ್ಮಾನಿಸಿದ ಹೆಂಗಸಿಗೆ ಅದು ಒಳ್ಳೆಯದೇ. ನಮ್ಮ ತಕರಾರು ಇರುವುದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಗೆ ಬೇರೆ ದಾರಿ ತೋರಿಸದೆ ಸಹಿ ಹಾಕಿಸಿಕೊಳ್ಳುವುದಕ್ಕೆ. ಆಪರೇಷನ್ ಆದಮೇಲೆ ಮತ್ತೆ ಮಗು ಬೇಕೆನಿಸಿದರೆ ನಾಳ ಜೋಡಿಸಲು ಇನ್ನೊಂದು ದೊಡ್ಡ ಆಪರೇಷನ್ ಬೇಕು, ಅದೂ ಕೈಗೂಡುವ ಖಾತ್ರಿ ಇಲ್ಲ. ಹತ್ತು ವರ್ಷದ ಕಾಪರ್-ಟಿ ಹೆಚ್ಚುಕಡಿಮೆ ಅಷ್ಟೇ ಪಕ್ಕಾ ಕೆಲಸ ಮಾಡುತ್ತದೆ, ಬೇಡವಾದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಜಾಸ್ತಿ ಆಗುವುದುಂಟು. ಇದನ್ನೂ ಮುಂಚೆಯೇ ಹೇಳಬೇಕು. ಹೇಳದಿದ್ದರೆ ಹೆದರಿ ತೆಗೆಸಿಕೊಂಡು ಬರುತ್ತಾರೆ, ಊರಿಗೆಲ್ಲ ‘ವಂಕಿ ಸರಿಯಿಲ್ಲ’ ಅಂತ ಹಬ್ಬುತ್ತದೆ.

ಈಗಾಗಲೇ ಆಪರೇಷನ್ ಆಗಿರುವ ಅಕ್ಕಂದಿರಿಗೂ ಒಂದು ಮಾತು. ಮುಟ್ಟು ನಿಂತರೆ ‘ಆಪರೇಷನ್ ಆಗಿದೆಯಲ್ಲ’ ಅಂತ ಸುಮ್ಮನಿರಬೇಡಿ, ಕೂಡಲೇ ಪರೀಕ್ಷೆ ಮಾಡಿಸಿ. ಇಂಥ ಬಸುರು ನಾಳದಲ್ಲೇ ನಿಂತು ಜೀವಕ್ಕೆ ಅಪಾಯ ತರಬಹುದು. ಸರ್ಕಾರಿ ಆಸ್ಪತ್ರೆಯ ಆಪರೇಷನ್ ವಿಫಲವಾದರೆ ಪರಿಹಾರವೂ ಇದೆ. ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು. ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟನ್ನು ರೇಷನ್ ಕಾರ್ಡಿನ ಜೊತೆ ಎತ್ತಿಟ್ಟಿರಿ.