ಹದಿಮೂರಕ್ಕೆ ದಂಡ, ಇಪ್ಪತ್ತೈದಕ್ಕೆ ಮನ್ನಣೆ

ಷೋರೂಮಿನಿಂದ ಹೊರಬಿದ್ದ ದಿನದಿಂದಲೇ ಕಾರಿನ ಬೆಲೆ ಇಳಿಯತೊಡಗುತ್ತದೆ. ಸವಕಳಿಯ ಪಾಠ ಹೇಳುವ ಅಧ್ಯಾಪಕರು ಮೊದಲು ಕೊಡುವ ಉದಾಹರಣೆಯೇ ಇದು. ಆದರೆ 1990ರ ದಶಕದಲ್ಲಿ ಜಪಾನ್ ತಯಾರಿಸಿದ ಕೆಲವು ವೇಗದ ಕಾರುಗಳು ಈ ಪಾಠಕ್ಕೆ ಒಗ್ಗಿಲ್ಲ. ನಿಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸುಪ್ರಾ ಮೊದಲಾದವುಗಳಲ್ಲಿ ಸುಸ್ಥಿತಿಯಲ್ಲಿರುವ ಗಾಡಿಗಳು ಹೊಸದಾಗಿದ್ದಾಗಿನ ಬೆಲೆಯನ್ನೂ ಮೀರಿ ಮಾರಾಟವಾಗುತ್ತಿವೆ. ಸಂಗ್ರಾಹಕರ ಹುಚ್ಚು ಇದಕ್ಕೆ ಒಂದು ಕಾರಣ. ಎರಡು ದೇಶಗಳ ಕಾನೂನು ಇನ್ನೊಂದು ಕಾರಣ; ಅದು ಹೆಚ್ಚು ಗಮನಾರ್ಹವಾದದ್ದು.

ಜಪಾನಿನಲ್ಲಿ ಹೊಸ ಕಾರನ್ನು ಮೂರು ವರ್ಷಕ್ಕೆ, ಆನಂತರ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ಕಡ್ಡಾಯ ತಪಾಸಣೆಗೆ ಒಪ್ಪಿಸಬೇಕು. ಪೆಟ್ರೋಲ್ ಕಾರಿಗೆ 13 ವರ್ಷ ತುಂಬಿದರೆ ವಾರ್ಷಿಕ ವಾಹನ ತೆರಿಗೆ ಸುಮಾರು ಶೇ 15ರಷ್ಟು ಏರುತ್ತದೆ. ತೂಕದ ಮೇಲಿನ ತೆರಿಗೆಯೂ 13ಕ್ಕೊಮ್ಮೆ, 18ಕ್ಕೊಮ್ಮೆ ಹೆಚ್ಚುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಿ ಎಂಬುದು ಇದರ ಸೂಚನೆ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ತನ್ನ ಸುರಕ್ಷಾ ಮಾನದಂಡಕ್ಕೆ ಹೊಂದದ ವಿದೇಶಿ ಕಾರುಗಳಿಗೆ 1988ರ ಕಾಯ್ದೆಯಿಂದ ಬಾಗಿಲು ಹಾಕಿದ ಆ ದೇಶ, 25 ವರ್ಷ ತುಂಬಿದವುಗಳಿಗೆ ವಿನಾಯಿತಿ ನೀಡಿತು. 1989ರಲ್ಲಿ ಬಂದ ಆರ್32 ಜಿಟಿ-ಆರ್‌ಗೆ 2014ರಲ್ಲಿ, 1999ರ ಆರ್34ಕ್ಕೆ 2024ರಲ್ಲಿ ಪ್ರವೇಶ ದೊರೆಯಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಆಮದು ಕಾರುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹೇರಿದಾಗಲೂ 25 ವರ್ಷ ಮೀರಿದವುಗಳನ್ನು ಹೊರಗಿಟ್ಟಿತು. ಒಂದು ದೇಶದಲ್ಲಿ ದಂಡಕ್ಕೆ ಗುರಿಯಾದ ವಯಸ್ಸೇ ಇನ್ನೊಂದು ದೇಶದಲ್ಲಿ ರಹದಾರಿ.

ಈ ಕಾರುಗಳನ್ನು ಮಾರ್ಪಡಿಸುವ ಗೀಳು ಬೆಳೆದದ್ದಕ್ಕೂ ಒಂದು ನಿಯಂತ್ರಣವೇ ಕಾರಣ ಎಂಬುದು ವಿನೋದದ ಸಂಗತಿ. 1989ರಿಂದ 2004ರವರೆಗೆ ಜಪಾನಿನ ತಯಾರಕರು ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು, ದೇಶದೊಳಗೆ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ಘೋಷಿಸುತ್ತಿರಲಿಲ್ಲ. ಕಾಗದದ ಮೇಲೆ ಎಲ್ಲವೂ 280. ಎಂಜಿನ್ನಿನೊಳಗಿನ ಸಾಮರ್ಥ್ಯ ಬೇರೆ. ಸರ್ಕಾರಿ ಅಂಕಿ ಅಂಶಗಳನ್ನು ಓದಿ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಜಿಟಿ-ಆರ್‌ನ 2.6 ಲೀಟರ್ ಎಂಜಿನ್ ಇನ್ನೂ ಹೆಚ್ಚಿನ ಶಕ್ತಿಯನ್ನು ತಾಳಬಲ್ಲದೆಂದು ಅರಿತವರು ಅದರ ಟರ್ಬೋ ಒತ್ತಡವನ್ನು ಏರಿಸತೊಡಗಿದರು. ಏರಿಸಿದವರಿಗೆ ಅದರ ದುರ್ಬಲ ಸ್ಥಾನವೂ ತಿಳಿಯಿತು: ಮೂಲ ಟರ್ಬೋದ ಸೆರಾಮಿಕ್ ಚಕ್ರ ಅಧಿಕ ಒತ್ತಡದಲ್ಲಿ ಒಡೆಯುತ್ತದೆ.

ಹಳೆಯ ಕಾರಿನ ದೋಷ ಪತ್ತೆಯಲ್ಲಿ ಅರ್ಥಶಾಸ್ತ್ರಕ್ಕೆ ಪ್ರಿಯವಾದ ಒಂದು ಸಮಸ್ಯೆ ಅಡಗಿದೆ. ಮಜ್ದಾದ ಮೂರನೆಯ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಎರಡು ಟರ್ಬೋಗಳು ಒಂದರ ನಂತರ ಒಂದು ಕೆಲಸಕ್ಕಿಳಿಯುತ್ತವೆ. ಈ ಸರದಿಯನ್ನು ನಡೆಸುವುದು ಎಂಜಿನ್ ಮೇಲೆ ಹೆಣೆದುಕೊಂಡಿರುವ ಸಣ್ಣ ರಬ್ಬರ್ ಕೊಳವೆಗಳು ಮತ್ತು ವಿದ್ಯುತ್ ಕವಾಟಗಳು. ವರ್ಷಗಳ ಬಿಸಿಗೆ ರಬ್ಬರ್ ಗಡಸಾಗಿ ಬಿರುಕು ಬಿಡುತ್ತದೆ. ಎರಡನೆಯ ಟರ್ಬೋ ಏಳುವುದಿಲ್ಲ. ತಿಳಿಯದವರು ಟರ್ಬೋವನ್ನೇ ಬದಲಿಸಿ ದುಡ್ಡು ಸುರಿಯುತ್ತಾರೆ. ತಿಳಿದವರು ಮೊದಲು ಕೊಳವೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಆ ಕಾಲದ ಮಿತ್ಸುಬಿಷಿಯ ಕೆಲವು ಮಾದರಿಗಳಲ್ಲಿ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಕೆಪಾಸಿಟರ್‌ಗಳು ಸೋರಿ ಹಲಗೆಯ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತವೆ. ಬಿಡಿಭಾಗದ ಬೆಲೆ ಅತ್ಯಲ್ಪ. ಪೆಟ್ಟಿಗೆಯನ್ನೇ ಬದಲಿಸಹೊರಟರೆ ಅದು ಸುಲಭಕ್ಕೆ ಸಿಗದು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ವಿವರಿಸಿದ್ದು ಹಳೆಯ ಕಾರುಗಳ ಉದಾಹರಣೆಯಿಂದಲೇ. ಜಪಾನಿನ ಹರಾಜು ಕಟ್ಟೆಗಳಲ್ಲಿ ಪ್ರತಿ ಕಾರಿಗೂ ತಪಾಸಕರು ದರ್ಜೆ ಬರೆದ ಪಟ್ಟಿ ಇರುವುದು, ಅಪಘಾತವಾಗಿ ದುರಸ್ತಿಯಾದದ್ದನ್ನು ಅದರಲ್ಲಿ ನಮೂದಿಸುವುದು ಈ ರೋಗಕ್ಕೆ ಕಂಡುಕೊಂಡ ಮದ್ದು.

ಮಾರ್ಪಾಡಿನ ವಿಷಯದಲ್ಲಿ ಜಪಾನ್ ಉದಾರಿಯಾದದ್ದು ಸ್ವಯಂಪ್ರೇರಣೆಯಿಂದ ಮಾತ್ರವಲ್ಲ. ತನ್ನ ಬಿಡಿಭಾಗಗಳಿಗೆ ಅಲ್ಲಿ ಮಾರುಕಟ್ಟೆ ಇಲ್ಲವೆಂದು ಅಮೆರಿಕ ವಾಣಿಜ್ಯ ಕಾನೂನಿನ ಕೋಲು ಬೀಸಿದ ಮೇಲೆ, 1995ರ ಒಪ್ಪಂದದ ಹಿನ್ನೆಲೆಯಲ್ಲಿ ದುರಸ್ತಿ ಮತ್ತು ಬಿಡಿಭಾಗಗಳ ನಿಯಮಗಳು ಸಡಿಲಗೊಂಡವು. ಇಂದು ಅಲ್ಲಿ ದೊಡ್ಡ ಮಾರ್ಪಾಡು ಮಾಡಿದವನು ಗಾಡಿಯನ್ನು ಮರುತಪಾಸಣೆಗೆ ಒಪ್ಪಿಸಿ, ಬದಲಾವಣೆಯನ್ನು ದಾಖಲೆಯಲ್ಲಿ ಬರೆಸಿಕೊಂಡು ರಸ್ತೆಗಿಳಿಯಬಹುದು. ವಾಯುಮಾಲಿನ್ಯದ ವಿಷಯದಲ್ಲಿ ಅಮೆರಿಕದಲ್ಲೇ ಅತ್ಯಂತ ಕಟ್ಟುನಿಟ್ಟಾದ ಕ್ಯಾಲಿಫೋರ್ನಿಯಾದ ದಾರಿಯೂ ಹೆಚ್ಚುಕಡಿಮೆ ಇದೇ: ಹೊಗೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗವನ್ನು ತಯಾರಕ ಪರೀಕ್ಷೆಗೆ ಒಡ್ಡಿ ಅನುಮತಿ ಸಂಖ್ಯೆ ಪಡೆಯಬೇಕು. ಹೊಗೆ ಶುದ್ಧಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆದು ಅದನ್ನೇ 'ಮಾರ್ಪಾಡು' ಎನ್ನುವವರಿಗೆ ಅಲ್ಲಿ ಜಾಗವಿಲ್ಲ, ಇರಲೂ ಬಾರದು.

ತಯಾರಕರಿಗೆ ತಡವಾಗಿ ಜ್ಞಾನೋದಯವಾಗಿದೆ. 2017ರಲ್ಲಿ ನಿಸಾನ್ ಆರ್32 ಜಿಟಿ-ಆರ್‌ಗೆ, 2020ರಲ್ಲಿ ಟೊಯೊಟಾ ಹಳೆಯ ಸುಪ್ರಾಗಳಿಗೆ ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಿ ಮಾರಲಾರಂಭಿಸಿದವು. ಸಾಮಾನ್ಯ ಕುಟುಂಬದ ಹಳೆಯ ಕಾರಿಗೆ ಈ ಭಾಗ್ಯವಿಲ್ಲ ಎಂಬುದನ್ನೂ ಹೇಳಬೇಕು.

ನಮ್ಮಲ್ಲಿ ಲೆಕ್ಕಕ್ಕೆ ಬರುವುದು ವಯಸ್ಸೊಂದೇ. ದೆಹಲಿಯಲ್ಲಿ 2025ರ ಜುಲೈ 1ರಿಂದ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಇಂಧನ ನಿರಾಕರಿಸಲು ಹೊರಟು, ಜನರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ ಕೈಬಿಡಬೇಕಾಯಿತು. ಕಚೇರಿಗಳಲ್ಲಿ ವೃತ್ತಿಜೀವನ ಕಳೆದವನಾಗಿ ಇದರ ಮೂಲವನ್ನು ನಾನು ಊಹಿಸಬಲ್ಲೆ. ವಯಸ್ಸು ಕಡತದಲ್ಲಿ ಸಿಗುತ್ತದೆ. ಸ್ಥಿತಿಯನ್ನು ತಿಳಿಯಲು ಗಾಡಿಯ ಬಾನೆಟ್ ತೆರೆಯಬೇಕು, ಅಳೆಯುವ ಯಂತ್ರ ಬೇಕು, ಅಳೆದವನು ಪ್ರಾಮಾಣಿಕನಾಗಿರಬೇಕು. ಮಾರ್ಪಾಡಿನ ಬಗ್ಗೆಯೂ ಹಾಗೆಯೇ. ನೋಂದಣಿ ಪತ್ರದ ವಿವರಗಳು ತಯಾರಕ ಸೂಚಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಿತು. ನಿಷೇಧದಿಂದ ಮಾರ್ಪಾಡು ನಿಲ್ಲಲಿಲ್ಲ. ಯಾರ ಪರೀಕ್ಷೆಗೂ ಒಳಪಡದೆ ಮರೆಗೆ ಸರಿಯಿತು.

ಆದರೆ ಇದೇ 52ನೇ ಸೆಕ್ಷನ್ ಸಿಎನ್‌ಜಿ ಅಥವಾ ಬ್ಯಾಟರಿಗೆ ಬದಲಾಗುವ ಗಾಡಿಗೆ ಅವಕಾಶ ಕೊಟ್ಟಿದೆ. ಸಿಎನ್‌ಜಿ ಕಿಟ್ಟನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸುತ್ತದೆ, ಸಾರಿಗೆ ಕಚೇರಿ ನೋಂದಣಿ ಪತ್ರದಲ್ಲಿ ಬರೆದುಕೊಳ್ಳುತ್ತದೆ. ಜಪಾನ್ ದೊಡ್ಡ ಮಾರ್ಪಾಡಿಗೆ ಅನುಸರಿಸುವ ಕ್ರಮಕ್ಕೆ ಇದು ತೀರ ದೂರದ್ದೇನಲ್ಲ. ಬ್ರೇಕ್, ಸಸ್ಪೆನ್ಶನ್, ದೀಪ, ಸೈಲೆನ್ಸರ್‌ಗಳಿಗೂ ಇದನ್ನು ವಿಸ್ತರಿಸಲು ಹೊಸ ಕಾಯ್ದೆ ಬೇಕಿಲ್ಲ. ಒಂದು ತಿದ್ದುಪಡಿ ಮತ್ತು ನಂಬಬಹುದಾದ ಪರೀಕ್ಷಾ ಕೇಂದ್ರಗಳು ಸಾಕು.