*ಕ್ಯಾನ್ಸರ್ ಡಾಕ್ಟರು: ಮೊದಲು ವಿಚಾರಿಸಿ, ಆಮೇಲೆ ನಂಬಿ*

ಪರವೂರಿನಲ್ಲಿ ಮನೆಯವರಿಗೆ ಕ್ಯಾನ್ಸರ್ ಎಂದಾಗ ನಾವು ಮೊದಲು ಕೇಳುವುದು, "ನಮ್ಮ ಕಡೆಯ ಡಾಕ್ಟರು ಯಾರಾದರೂ ಇದ್ದಾರಾ?" ಕನ್ನಡ ಕೇಳಿದರೆ ಅರ್ಧ ಭಯ ಹೋಗುತ್ತದೆ, ನಿಜ. ಆದರೆ ಭಾಷೆ ಪದವಿಯಲ್ಲ.

*ಓದು ನೋಡಿ.* ಕೀಮೋಗೆ ಮೆಡಿಕಲ್ ಆಂಕಾಲಜಿ ಡಿಎಂ, ಆಪರೇಷನ್‌ಗೆ ಸರ್ಜಿಕಲ್ ಆಂಕಾಲಜಿ ಎಂಸಿಎಚ್, ರೇಡಿಯೇಷನ್‌ಗೆ ರೇಡಿಯೇಷನ್ ಆಂಕಾಲಜಿ ಎಂಡಿ. ಸಮಾನವಾದ ಡಿಎನ್‌ಬಿ ಪದವಿಗಳೂ ಇವೆ. "ಕ್ಯಾನ್ಸರ್ ಸ್ಪೆಷಲಿಸ್ಟ್" ಎಂಬ ಬೋರ್ಡು ಯಾರು ಬೇಕಾದರೂ ಬರೆಸಬಹುದು.

*ನೋಂದಣಿ ನೋಡಿ.* ಔಷಧ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕೆಂದು 2002ರ ನಿಯಮವೇ ಹೇಳುತ್ತದೆ. ಅದನ್ನು ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟಿನ ಇಂಡಿಯನ್ ಮೆಡಿಕಲ್ ರಿಜಿಸ್ಟರ್‌ನಲ್ಲಿ ಹುಡುಕಿ. ಮೇಲಿನ ಪದವಿ ಅಲ್ಲಿ ಕಾಣದಿದ್ದರೆ ಕೂಡಲೇ ಅನುಮಾನ ಬೇಡ, ಕೆಲವರು ಸೇರಿಸಿರುವುದಿಲ್ಲ, ಆಸ್ಪತ್ರೆಯಲ್ಲೇ ಕೇಳಿ.

*ಅನುಭವ ಕೇಳಿ.* "ಸರ್, ಈ ಬಗೆಯ ಕ್ಯಾನ್ಸರ್ ಎಷ್ಟು ನೋಡಿದ್ದೀರಿ? ಟ್ಯೂಮರ್ ಬೋರ್ಡ್‌ನಲ್ಲಿ ಚರ್ಚೆ ಆಗಿದೆಯಾ?" ಒಳ್ಳೆಯ ಡಾಕ್ಟರು ಇದಕ್ಕೆ ಬೇಸರಿಸುವುದಿಲ್ಲ.

ಇದು ಒಂದು ಸಂಜೆಯ ಕೆಲಸ. ಇದರ ನೆಪದಲ್ಲಿ ಚಿಕಿತ್ಸೆ ಮುಂದೂಡಬೇಡಿ. ಮಗಳಿಗೆ ಗಂಡು ನೋಡುವಾಗ ನಾಲ್ಕು ಕಡೆ ವಿಚಾರಿಸುವ ನಮಗೆ, ಜೀವ ಒಪ್ಪಿಸುವಾಗ ಸಂಕೋಚವೇಕೆ?