ಆಸ್ಪತ್ರೆ ಥರ ಕಾಣದ ಬಚ್ಚಲುಮನೆ

ಮನೆ ಕಟ್ಟಿಸುವವರಿಗೆ "ವೀಲ್‌ಚೇರ್ ಹೋಗುವಂಥ ಬಚ್ಚಲುಮನೆ ಮಾಡಿಸಿ" ಅಂತ ಹೇಳಿ ನೋಡಿ. "ಅಯ್ಯೋ, ಮನೆ ಆಸ್ಪತ್ರೆ ಥರ ಕಾಣುತ್ತೆ ಬಿಡಿ" ಅಂತಾರೆ. ಖರ್ಚಿನ ಮಾತು ಬರೋದು ಆಮೇಲೆ. ಈ ಆಕ್ಷೇಪವನ್ನು ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಂಭೀರವಾಗಿ ತಗೋಬೇಕು. ಚೆನ್ನಾಗಿ ಕಾಣದ್ದನ್ನು ಜನ ಕಟ್ಟಿಸಲ್ಲ. ಕಟ್ಟಿಸದಿದ್ದರೆ, ಕಾಲಿಗೆ ಬಲವಿಲ್ಲದ ಒಬ್ಬರು ದಿನಾ ಸ್ನಾನಕ್ಕೆ ಇನ್ನೊಬ್ಬರ ಕೈ ಕಾಯಬೇಕು. ಹಾಗಾಗಿ ಅಂದ ಅನ್ನೋದು ಇಲ್ಲಿ ಶೋಕಿ ಅಲ್ಲ, ಅದೂ ಒಂದು ಡಿಸೈನ್ ರಿಕ್ವೈರ್‌ಮೆಂಟ್.

2011ರ ಜನಗಣತಿ ಪ್ರಕಾರ ದೇಶದಲ್ಲಿ ಚಲನೆಯ ತೊಂದರೆ ಇರುವವರೇ 54 ಲಕ್ಷ. ವಯಸ್ಸಾಗಿ ಮಂಡಿ ಹಿಡಿದವರು, ಆಕ್ಸಿಡೆಂಟ್ ಆಗಿ ಮೂರು ತಿಂಗಳು ಕಾಲು ಊರಬಾರದವರು ಇನ್ನೆಷ್ಟೋ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಒತ್ತು ಸಾರ್ವಜನಿಕ ಕಟ್ಟಡಗಳ ಮೇಲೆ. ಮನೆಯೊಳಗಿನ ಬಚ್ಚಲು ಪ್ಲ್ಯಾನ್ ಬರೆಯುವವರ ವಿವೇಕಕ್ಕೇ ಬಿಟ್ಟಿದ್ದು.

ನಿಜ ಹೇಳಬೇಕಂದ್ರೆ ಅರ್ಧ ಕೆಲಸ ನಮ್ಮ ಹಳೇ ಬಚ್ಚಲುಮನೆಯೇ ಮಾಡಿಟ್ಟಿದೆ. ಅಲ್ಲಿ ಟಬ್ ಇಲ್ಲ, ಗಾಜಿನ ಡಬ್ಬ ಇಲ್ಲ, ಇಡೀ ನೆಲವೇ ನೀರು ಬೀಳುವ ಜಾಗ. ಅಡ್ಡ ಬರೋದು ಮುಖ್ಯವಾಗಿ ಎರಡು: ಬಾಗಿಲು ಮತ್ತು ಹೊಸ್ತಿಲು.

ಬಚ್ಚಲಿಗೆ ಎರಡೂವರೆ ಅಡಿ ಬಾಗಿಲು ಅನ್ನೋದು ರೂಢಿ. ಚೌಕಟ್ಟು, ಹಲಗೆಯ ದಪ್ಪ ಕಳೆದರೆ ವೀಲ್‌ಚೇರ್ ತೂರುವುದೇ ಕಷ್ಟ. 900 ಮಿ.ಮೀ. ತೆರವು ಸಿಗಲಿ, ಬಾಗಿಲು ಹೊರಗೆ ತೆರೆಯಲಿ ಅಥವಾ ಸ್ಲೈಡ್ ಆಗಲಿ. ಒಳಗೆ ಬಿದ್ದವರನ್ನು ಹೊರತರೋಕೂ ಇದೇ ದಾರಿ.

ಇನ್ನು ಹೊಸ್ತಿಲು. ನೀರು ಹೊರಗೆ ಬರಬಾರದು ಅಂತ ಒಂದಿಂಚು ಇಳಿಸಿ, ಗ್ರಾನೈಟ್ ಪಟ್ಟಿ ಕೂರಿಸ್ತಾರೆ. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಕ್ಕೆ ಆ ಒಂದಿಂಚೇ ಗೋಡೆ. ಅದೇ ಇಳಿತವನ್ನು ಇಳಿಜಾರಿನಲ್ಲಿ ಕೊಡಬಹುದಲ್ವಾ? 50ಕ್ಕೆ 1ರಂತೆ ಒಂದೂವರೆ ಮೀಟರ್ ನೆಲಕ್ಕೆ ಸಿಗೋದು 30 ಮಿ.ಮೀ. ಬಾಗಿಲಿನಿಂದ ಆಚೆ ಗೋಡೆಯ ಕಡೆಗೆ ಒಂದೇ ದಿಕ್ಕಿನ ಇಳಿಜಾರು, ಕೊನೆಗೆ ಗೋಡೆಯುದ್ದಕ್ಕೂ ಒಂದು ಲೀನಿಯರ್ ಡ್ರೈನ್. ಒಂದೇ ದಿಕ್ಕಾದ್ದರಿಂದ ದೊಡ್ಡ ಟೈಲ್ಸನ್ನು ತುಂಡು ಮಾಡದೆ ಹಾಸಬಹುದು. ನೋಡೋಕೆ ಒಳ್ಳೇ ಹೋಟೆಲಿನ ಬಾತ್‌ರೂಮ್! ಟೈಲ್ಸ್ ಮಾತ್ರ ಹೊಳೆಯೋದು ಬೇಡ, ಮ್ಯಾಟ್ ಆಂಟಿ-ಸ್ಕಿಡ್ ಇರಲಿ.

ಜಾಗ ಸಾಲಲ್ಲ ಅನ್ನೋದು ಇನ್ನೊಂದು ತಕರಾರು. ಗಾಲಿಕುರ್ಚಿ ತಿರುಗಲು 1500 ಮಿ.ಮೀ. ವ್ಯಾಸದ ವೃತ್ತ ಬೇಕು, ಅಂದ್ರೆ ಸುಮಾರು ಐದು ಅಡಿ. ಕಟ್ಟೆಯಿಲ್ಲದಿದ್ದರೆ ಶವರ್ ಜಾಗವೂ ಆ ವೃತ್ತದೊಳಗೇ ಸೇರುತ್ತೆ. ಕಮೋಡನ್ನು, ವಾಶ್‌ಬೇಸಿನ್ನನ್ನು ಗೋಡೆಗೆ ತೂಗುಹಾಕಿದರೆ ಫುಟ್‌ರೆಸ್ಟಿಗೆ ಕೆಳಗೆ ಜಾಗ. ನೆಲ ಬರಿದಾದಷ್ಟೂ ಕೋಣೆ ದೊಡ್ಡದಾಗಿ ಕಾಣುತ್ತೆ, ತೊಳೆಯೋದೂ ಸುಲಭ.

ಬಕೆಟ್, ಮಗ್ಗು ನಮಗೆ ಅಭ್ಯಾಸ ನಿಜ. ಆದರೆ ಕೂತವರು ನೆಲದ ಬಕೆಟ್ಟಿಗೆ ಬಗ್ಗಿದರೆ ಮುಗ್ಗರಿಸುವ ಭಯ. 450ರಿಂದ 480 ಮಿ.ಮೀ. ಎತ್ತರದ ಮಡಚುವ ಸೀಟು, ಕೂತಲ್ಲೇ ಕೈಗೆಟುಕುವ ಹ್ಯಾಂಡ್ ಶವರ್, ಗೀಸರ್ ನೀರು ಸುಡದಂತೆ ತಡೆಯುವ ಥರ್ಮೋಸ್ಟಾಟಿಕ್ ಮಿಕ್ಸರ್ ಇದ್ದರೆ ಆ ಭಯವಿಲ್ಲ.

ಹಿಡಿಕಂಬಿ ಅಂದ ಕೂಡಲೇ ಆಸ್ಪತ್ರೆ ನೆನಪಾಗುತ್ತೆ. ಅದು ಬೆಳ್ಳಗೆ ಹೊಳೆಯಲೇಬೇಕಂತ ಯಾರು ಹೇಳಿದ್ದು? ನಲ್ಲಿಗಳ ಬಣ್ಣಕ್ಕೆ ಹೊಂದುವ ಕಪ್ಪು ಅಥವಾ ಹಿತ್ತಾಳೆ ಬಣ್ಣದ್ದು ತಿಳಿ ಬಣ್ಣದ ಗೋಡೆ ಮೇಲೆ ಚೆಂದವೂ ಹೌದು, ಕಣ್ಣು ಮಂಜಾದವರಿಗೆ ಎದ್ದು ಕಾಣುತ್ತೆ ಕೂಡ. ಆದರೆ ಟವೆಲ್ ರಾಡನ್ನೇ ಹಿಡಿಕಂಬಿ ಅಂತ ನಂಬಬೇಡಿ. ಅಮೆರಿಕದ ಮಾನದಂಡದ ಪ್ರಕಾರ ಹಿಡಿಕಂಬಿ 250 ಪೌಂಡ್, ಅಂದ್ರೆ ಸುಮಾರು 113 ಕೆ.ಜಿ. ತಡೆಯಬೇಕು. ಗೋಡೆ, ಆಂಕರ್ ಬೋಲ್ಟ್ ಎರಡಕ್ಕೂ ಲೆಕ್ಕ ಹಾಕಬೇಕಾದ್ದು ನಮ್ಮ ಕೆಲಸ.

ಇದನ್ನೆಲ್ಲ "ಬೇಕಾದಾಗ ಮಾಡೋಣ" ಅಂದ್ರೆ ಆಗಲ್ಲ. ಇಳಿಜಾರಿಗೆ ಬೇಕಾದ ಆಳವನ್ನು ಸ್ಲ್ಯಾಬ್ ಹಾಕುವಾಗಲೇ ಬಿಡಬೇಕು. ಆಮೇಲೆ ಅಂದ್ರೆ ನೆಲ ಒಡೆದು, ವಾಟರ್‌ಪ್ರೂಫಿಂಗ್ ಕಿತ್ತು, ಮತ್ತೆ ಮೊದಲಿಂದ. ಯೂನಿವರ್ಸಲ್ ಡಿಸೈನ್ ಅನ್ನುವ ಮಾತನ್ನು ಬಳಕೆಗೆ ತಂದ ಅಮೆರಿಕದ ಆರ್ಕಿಟೆಕ್ಟ್ ರಾನ್ ಮೇಸ್ ಸ್ವತಃ ವೀಲ್‌ಚೇರ್ ಬಳಸುತ್ತಿದ್ದವರು. ಎಲ್ಲರಿಗೂ ಒದಗುವಂತೆ ಮೊದಲೇ ಯೋಚಿಸಿ ಅನ್ನೋದೇ ಅವರ ವಾದದ ತಿರುಳು.

ಸಿವಿಲ್, ಆರ್ಕಿಟೆಕ್ಚರ್ ಗೆಳೆಯರೇ, ಮುಂದಿನ ಪ್ಲ್ಯಾನ್ ಶೀಟಿನ ಬಚ್ಚಲುಮನೆಯಲ್ಲಿ 1500ರ ಒಂದು ವೃತ್ತ ಎಳೆದು ನೋಡಿ. ಮೆಕ್ಯಾನಿಕಲ್‌ನವರು ಮಡಚುವ ಸೀಟನ್ನೇ ಪ್ರಾಜೆಕ್ಟಾಗಿ ತಗೊಳ್ಳಿ. ರಜೆಗೆ ಊರಿಗೆ ಹೋದಾಗ ಟೇಪ್ ಹಿಡಿದು ಮನೆಯ ಬಚ್ಚಲು ಬಾಗಿಲು ಅಳೆಯೋದು ಮಾತ್ರ ಎಲ್ಲ ಬ್ರ್ಯಾಂಚಿನವರಿಗೂ ಬರುತ್ತೆ.